ಎದೆ ಬೆಚ್ಚಗಾಗದ ದಿನ

ಕುರ್ಚಿಗೆ ಬೆತ್ತ ಹೆಣೆಯುವ ಆ ಮನುಷ್ಯನಿಗೆ ಬೀದಿಯವರು ಇಟ್ಟ ಹೆಸರು ಮಳೆಬಿಸಿಲು. ಎದುರಿಗೆ ಸಿಕ್ಕರೆ ‘ಕುರ್ಚಿಯವರೇ’ ಎನ್ನುವುದು, ಬೆನ್ನು ತಿರುಗಿಸಿದ ಮೇಲೆ ಮಳೆಬಿಸಿಲು ಎನ್ನುವುದು. ಹೆಸರು ಸುಮ್ಮನೆ ಬಂದದ್ದಲ್ಲ. ಬೆಳಿಗ್ಗೆ ಹಾಡಿಕೊಂಡು ಎದ್ದವನು ತಿಂಡಿಯ ಹೊತ್ತಿಗೆ ಮುಖ ಗಂಟು ಹಾಕಿಕೊಂಡಿರುತ್ತಿದ್ದ. ಮಧ್ಯಾಹ್ನ ಯಾವ ಕಾಲದ್ದೋ ಒಂದು ಸಾವು ನೆನಪಾಗಿ ಕಣ್ಣು ಕೊಳವಾಗುತ್ತಿತ್ತು. ಸಂಜೆ ಗಿರಾಕಿಯ ಮಗುವನ್ನು ಹೊಸದಾಗಿ ಹೆಣೆದ ಕುರ್ಚಿಯ ಮೇಲೆ ಕೂರಿಸಿ, ‘ಮಹಾರಾಜರು ಏನು ಅಪ್ಪಣೆ ಕೊಡಿಸ್ತೀರಿ?’ ಎಂದು ಸೊಂಟ ಬಗ್ಗಿಸಿ, ಮಗು ಕೇಕೆ ಹಾಕುವಂತೆ ನಗಿಸುತ್ತಿದ್ದವನೂ ಅವನೇ.

ಗಿರಾಕಿಗಳು ಒಳಗೆ ಬರುವ ಮೊದಲು ಬಾಗಿಲಲ್ಲಿ ಅವನ ಹೆಂಡತಿಯ ಮುಖ ನೋಡುತ್ತಿದ್ದರು. ಆಕೆ ಹುಬ್ಬು ಎತ್ತಿದರೆ ಒಳಗೆ ಬರಬಹುದು. ತುಟಿ ಬಿಗಿದರೆ ನಾಳೆ ಬರುವುದು ಕ್ಷೇಮ.

ಕೆಲಸದಲ್ಲಿ ಮಾತ್ರ ಅವನಿಗೆ ಸಾಟಿಯಿರಲಿಲ್ಲ. ಬೆತ್ತದ ಸೀಳುಗಳನ್ನು ಬೋಗುಣಿಯ ನೀರಲ್ಲಿ ನೆನೆಹಾಕಿ, ಹದ ನೋಡಿ ತೆಗೆದು, ಚೌಕಟ್ಟಿನ ತೂತುಗಳಲ್ಲಿ ಪೋಣಿಸಿ, ಸಡಿಲವಾಗದಂತೆ ಸಣ್ಣ ಬೆಣೆ ಬಡಿದು, ಉದ್ದಕ್ಕೆ, ಅಡ್ಡಕ್ಕೆ, ಆಮೇಲೆ ಓರೆಗೆ ಹೆಣೆಯುತ್ತ ಹೋದರೆ, ಜೇನುಗೂಡಿನಂತಹ ಆಸನ ಎದ್ದು ಬರುತ್ತಿತ್ತು. ಆದರೆ ಮನಸ್ಸು ಕೆಟ್ಟ ದಿನ, ಮುಕ್ಕಾಲು ಮುಗಿದ ಆಸನವನ್ನೇ ಚಾಕುವಿನಿಂದ ಕೊಯ್ದು ಎಸೆಯುತ್ತಿದ್ದ. ಹೆಂಡತಿ ಆ ತುಂಡುಗಳನ್ನು ಒಲೆಗೆ ಹಾಕಿ, ‘ನಿಮ್ಮ ಕೋಪದಲ್ಲಿ ನೀರಾದ್ರೂ ಕಾಯ್ತು, ಸ್ನಾನ ಮಾಡಿ ಬನ್ನಿ’ ಎನ್ನುತ್ತಿದ್ದಳು.

ಅವನು ದೇವರ ಕಡೆ ತಿರುಗಿದ್ದು ತಂದೆ ತೀರಿಕೊಂಡ ವರ್ಷ. ಸಾಯುವ ಹಿಂದಿನ ವಾರ ತಂದೆಯ ಮೇಲೆ ರೇಗಿ ಮನೆ ಬಿಟ್ಟಿದ್ದ ಹುಡುಗ, ಶವದ ಹಿಂದೆ ಪ್ರಾರ್ಥನಾಮಂದಿರಕ್ಕೆ ಬಂದು ಕಟ್ಟಕಡೆಯ ಸಾಲಿನಲ್ಲಿ ತಲೆ ತಗ್ಗಿಸಿ ಕೂತಿದ್ದ. ಸಭೆಯವರು ಹಾಡುತ್ತಿದ್ದಾಗ ಅವನ ಎದೆಯೊಳಗೆ ಯಾರೋ ಕೆಂಡದ ಬಟ್ಟಲು ಇಟ್ಟಂತಾಯಿತು. ಬೆಚ್ಚಗಿನ ಆ ಕಾವು ಹೊಟ್ಟೆಯ ತನಕ ಇಳಿಯಿತು. ‘ನಿನ್ನನ್ನು ಕ್ಷಮಿಸಿದ್ದೇನೆ’ ಎಂದು ಯೇಸುಸ್ವಾಮಿ ತನಗೇ ಹೇಳಿದರು ಎಂದು ಅವನಿಗೆ ಅನಿಸಿತು. ಅದು ಸುಳ್ಳಲ್ಲ. ಆದರೆ ಆವತ್ತಿನಿಂದ ಅವನು ದೇವರನ್ನು ಅಳೆಯುವುದಕ್ಕೆ ಆ ಕಾವನ್ನೇ ಅಳತೆಗೋಲು ಮಾಡಿಕೊಂಡುಬಿಟ್ಟ. ಎದೆ ಬೆಚ್ಚಗಿದ್ದರೆ ದೇವರು ಮನೆಯಲ್ಲಿದ್ದಾನೆ. ತಣ್ಣಗಾದರೆ ಬಾಗಿಲು ಹಾಕಿಕೊಂಡು ಹೋಗಿದ್ದಾನೆ.

ಪ್ರಾರ್ಥನಾಮಂದಿರದ ಬೀಗದಕೈ ಬಹಳ ವರ್ಷ ಅವನ ಬಳಿಯೇ ಇತ್ತು. ಭಾನುವಾರ ಬಾಗಿಲು ತೆರೆಯುವುದು, ಗಂಟೆ ಬಾರಿಸುವುದು, ತಾನೇ ಹೆಣೆದ ಕುರ್ಚಿಗಳನ್ನು ಸಾಲಾಗಿ ಇಡುವುದು ಅವನ ಸೇವೆ. ಎದೆ ತಣ್ಣಗಾದ ವಾರ ಆ ಬೀಗದಕೈಯನ್ನು ತೆಗೆದುಕೊಂಡು ಹೋಗಿ ಹಿರಿಯ ಪಾದ್ರಿಗಳ ಮೇಜಿನ ಮೇಲೆ ಇಡುತ್ತಿದ್ದ.

‘ಅಯ್ಯನವರೇ, ನಾನು ಯೋಗ್ಯನಲ್ಲ. ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ.’

‘ಹೂಂ, ಅಲ್ಲಿಡು,’ ಎನ್ನುತ್ತಿದ್ದರು ಅವರು, ಓದುತ್ತಿದ್ದ ಪೇಪರಿನಿಂದ ತಲೆ ಎತ್ತದೆ. ‘ಟೀ ಕುಡಿತೀಯಾ?’

ಶನಿವಾರದ ಹೊತ್ತಿಗೆ ಬಿಸಿಲು ಬಂದಿರುತ್ತಿತ್ತು. ಕಳ್ಳಬೆಕ್ಕಿನಂತೆ ಬಂದು ಬೀಗದಕೈ ಎತ್ತಿಕೊಂಡು ಹೋಗುತ್ತಿದ್ದ. ಪಾದ್ರಿಗಳು ಆಗಲೂ ತಲೆ ಎತ್ತುತ್ತಿರಲಿಲ್ಲ. ಇದು ಅವರಿಬ್ಬರ ನಡುವಿನ ವ್ಯವಹಾರ, ಸಭೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಹಿರಿಯರು ನಿವೃತ್ತರಾಗಿ ಹೋದ ಮೇಲೆ ಚಿಕ್ಕ ಪಾದ್ರಿಗಳು ಬಂದರು. ಒಳ್ಳೆಯ ಹುಡುಗ; ಆದರೆ ಆಡಿದ ಮಾತನ್ನು ಆಡಿದ ಹಾಗೇ ನಂಬುವವನು. ಒಂದು ಶುಕ್ರವಾರ ಕುರ್ಚಿಯವನು ಎಂದಿನಂತೆ ಬೀಗದಕೈ ಇಟ್ಟು ‘ಯೋಗ್ಯನಲ್ಲ’ ಎಂದಾಗ, ಅವರು ಎದ್ದು ನಿಂತು ಅವನ ಎರಡೂ ಕೈ ಹಿಡಿದುಕೊಂಡರು. ಇಷ್ಟು ವರ್ಷದ ಸೇವೆಗಾಗಿ ದೇವರಿಗೆ ಸ್ತೋತ್ರ ಹೇಳಿ, ವಯಸ್ಸಾದವರಿಗೆ ವಿಶ್ರಾಂತಿ ಕೊಡೆಂದು ಗದ್ಗದಿತರಾಗಿ ಪ್ರಾರ್ಥಿಸಿದರು. ಕುರ್ಚಿಯವನು ಬಿಟ್ಟ ಬಾಯಿ ಬಿಟ್ಟಂತೆ ನಿಂತಿದ್ದ. ಟೀ ಕುಡಿತೀಯಾ ಎಂದು ಯಾರೂ ಕೇಳಲಿಲ್ಲ.

ಭಾನುವಾರ ಸಭೆಯ ಮುಂದೆ ಅವನನ್ನು ಎಬ್ಬಿಸಿ ನಿಲ್ಲಿಸಿ, ಕೊರಳಿಗೆ ಒಂದು ಉಣ್ಣೆಯ ಮಫ್ಲರ್ ಸುತ್ತಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ತನ್ನ ಸಾವಿನ ಮೆರವಣಿಗೆ ನೋಡಲು ತಾನೇ ಬಂದವನಂತೆ ಅವನು ನಿಂತಿದ್ದ. ಅದು ಸಾಲದೆಂಬಂತೆ, ಬೀಗದಕೈ ಹೋದದ್ದು ಯಾರ ಕೈಗೆ? ಅವನ ಹೆಂಡತಿಯ ತಮ್ಮನ ಕೈಗೆ.

ಈ ತಮ್ಮ ನಲ್ಲಿ ರಿಪೇರಿ ಮಾಡುವವನು. ಮದುವೆಯಾಗಿರಲಿಲ್ಲ. ತಾಯಿಯಿಲ್ಲದ ಅವನನ್ನು ಎತ್ತಿ ಬೆಳೆಸಿದವಳು ಅಕ್ಕ. ಅವನು ನಕ್ಕದ್ದನ್ನಾಗಲೀ ಅತ್ತದ್ದನ್ನಾಗಲೀ ಕಂಡವರಿರಲಿಲ್ಲ. ಭಾವ ಅವನಿಗೆ ಗೋಡೆ ಎಂದು ಹೆಸರಿಟ್ಟಿದ್ದ. ‘ಗೋಡೆ ಹತ್ರ ಮಾತಾಡಿದ್ರೆ ನಮ್ಮ ದನಿಯಾದ್ರೂ ವಾಪಸ್ ಬರುತ್ತೆ, ಇವನ ಹತ್ರ ಅದೂ ಇಲ್ಲ’ ಎಂದು ಹಂಗಿಸುತ್ತಿದ್ದ. ಅದಕ್ಕೂ ಅವನು ‘ಹೌದು ಭಾವ’ ಎನ್ನುತ್ತಿದ್ದ.

ಸೋಮವಾರ ಕುರ್ಚಿಯವನ ತಲೆ ಕೆಟ್ಟು ಮೊಸರುಗಡಿಗೆಯಾಗಿತ್ತು. ಎಳೆದ ಎಳೆಯೆಲ್ಲ ಪಟಪಟನೆ ಹರಿಯುತ್ತಿತ್ತು. ಹೆಂಡತಿ ಸೀರೆ ಬದಲಿಸಿಕೊಂಡು, ‘ಹೆಂಗಸರ ಪ್ರಾರ್ಥನೆ ಇದೆ, ಊಟ ಮುಚ್ಚಿಟ್ಟಿದ್ದೀನಿ’ ಎಂದು ಹೊರಟಳು. ಆಕೆ ಹೋದ ಮೇಲೆ ಸಿಟ್ಟು ಇನ್ನೂ ಏರಿತು. ಆ ಗೋಡೆಯನ್ನು ಇವತ್ತು ಕೆಡವಿಯೇ ಬಿಡುತ್ತೇನೆ ಎಂದು ನಲ್ಲಿಯಂಗಡಿಗೆ ನಡೆದ. ಅಂಗಡಿ ಮುಚ್ಚಿತ್ತು. ಪಕ್ಕದ ದರ್ಜಿ ಮಿಷನ್ನಿನಿಂದ ಕಾಲು ತೆಗೆಯದೆ ಹೇಳಿದ:

‘ಅಕ್ಕನ ಜೊತೆ ಆಸ್ಪತ್ರೆಗೆ ಹೋದ್ರಲ್ಲ. ಹೋದ ವಾರಾನೂ ಹೋಗಿದ್ರು. ಯಾಕೆ, ನಿಮಗೆ ಗೊತ್ತಿಲ್ವಾ?’

‘ಗೊತ್ತಿಲ್ದೇ ಏನು, ಗೊತ್ತು,’ ಎಂದ ಕುರ್ಚಿಯವನು.

ಮನೆಗೆ ಬಂದು ಅರ್ಧ ಹೆಣೆದ ಕುರ್ಚಿಯ ಪಕ್ಕದಲ್ಲಿ ನೆಲದ ಮೇಲೆ ಕೂತ. ಬಾಗಿಲಲ್ಲಿ ಅಕ್ಕತಮ್ಮಂದಿರು ಬಂದು ನಿಂತಾಗ ಅವನ ಮುಖ ನೋಡಿಯೇ, ಅವನಿಗೆ ಗೊತ್ತಾಗಿದೆಯೆಂದು ಇಬ್ಬರಿಗೂ ತಿಳಿಯಿತು.

‘ಹೊಟ್ಟೆಯಲ್ಲಿ ಗೆಡ್ಡೆ ಇದೆಯಂತೆ,’ ಎಂದಳು ಆಕೆ, ಚಪ್ಪಲಿ ಬಿಡುತ್ತ. ‘ಗುರುವಾರ ಆಪರೇಷನ್. ತೆಗೆದು ಪರೀಕ್ಷೆಗೆ ಕಳಿಸಿದ ಮೇಲೆ ಗೊತ್ತಾಗುತ್ತಂತೆ, ಒಳ್ಳೇದೋ ಕೆಟ್ಟದ್ದೋ ಅಂತ. ಬುಧವಾರ ನಿಮಗೆ ಹೇಳೋಣ ಅಂತಿದ್ದೆ.’

‘ಬುಧವಾರ! ಈ ಗೋಡೆಗೆ ಮೊದಲು ಹೇಳಿದ್ದೀಯ, ಕಟ್ಟಿಕೊಂಡ ಗಂಡನಿಗೆ ಬುಧವಾರ!’ ಅವನ ದನಿ ಏರಿತು, ಏರಿದ್ದು ಅಲ್ಲೇ ಒಡೆಯಿತು, ಕಣ್ಣಲ್ಲಿ ದಳದಳ ನೀರು. ‘ನಾನೇನು ಸತ್ತಿದ್ನಾ? ನನಗೆ ಯಾಕೆ ಹೇಳ್ಲಿಲ್ಲ?’

ಆಕೆ ಅವನನ್ನು ನೋಡಿದಳು. ಎಂದಿನಂತೆ ಬೆನ್ನು ಸವರಲು ಬರಲಿಲ್ಲ.

‘ಇದಕ್ಕೇ ಹೇಳ್ಲಿಲ್ಲ. ನೋಡಿ, ಕಾಯಿಲೆ ನನಗೆ, ಅಳ್ತಿರೋದು ನೀವು. ಈಗ ನಿಮ್ಮನ್ನ ಸಮಾಧಾನ ಮಾಡೋದು ನನ್ನ ಕೆಲಸ. ನಮ್ಮ ಮಗು ತೀರಿಹೋಯ್ತಲ್ಲ, ಆವತ್ತು ನೆನಪಿದೆಯಾ? ಎಲ್ಲರೂ ನಿಮ್ಮ ಸುತ್ತ ಕೂತಿದ್ರು. ನಾನು ಅಡುಗೆಮನೇಲಿ, ಬಂದವರಿಗೆಲ್ಲ ಟೀ ಮಾಡ್ತಿದ್ದೆ. ನನ್ನ ಸರದಿ ಬರಲೇ ಇಲ್ಲ ರೀ. ಈ ಸಲ ನನಗೆ ಸ್ವಲ್ಪ ಹೆದರಿಕೊಳ್ಳೋಕೆ ಜಾಗ ಬೇಕಿತ್ತು, ಅಷ್ಟೇ.’

ಸಿಟ್ಟಿನಿಂದ ಹೇಳಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಆಕೆ ಸಾರಿಗೆ ಉಪ್ಪು ಸಾಲದು ಎನ್ನುವಷ್ಟು ಮೆತ್ತಗೆ ಹೇಳಿ ಅಡುಗೆಮನೆಗೆ ಹೋದಳು. ತಮ್ಮ ಬಾಗಿಲ ಬಳಿ ನಿಂತೇ ಇದ್ದ.

ಕುರ್ಚಿಯವನು ಒಂದು ಮೂಲೆ ಹಿಡಿದು ಮೊಣಕಾಲೂರಿದ. ಪ್ರಾರ್ಥನೆಯ ಮಾತುಗಳು ಬರುತ್ತಿದ್ದವು. ಎದೆ ಮಾತ್ರ ಹೊಳೆಯ ಕಲ್ಲಿನಂತೆ ತಣ್ಣಗಿತ್ತು. ಎಂದಿಗಿಂತ ಹೆಚ್ಚು ಬೇಕಾಗಿದ್ದ ದಿನವೇ ಆ ಕೆಂಡದ ಬಟ್ಟಲು ಬರಲಿಲ್ಲ. ಎದ್ದವನೇ ನೇರವಾಗಿ ಚಿಕ್ಕ ಪಾದ್ರಿಗಳ ಮನೆಗೆ ಹೋದ.

ಅವರು ಅಂಗಳದಲ್ಲಿ ಒಗೆದ ಅಂಗಿ ಹರವುತ್ತಿದ್ದರು. ಇವನ ಮುಖ ನೋಡಿ ಗಾಬರಿಯಾದರು. ‘ಬೀಗದಕೈ ವಿಷಯ ತಾನೆ? ನಿನ್ನೆ ರಾತ್ರಿಯೆಲ್ಲ ಅದನ್ನೇ ಯೋಚಿಸಿದೆ. ನಾನು ತಪ್ಪು ಮಾಡಿದ್ನಾ ಹೇಗೆ?’

‘ಬೀಗದಕೈ ಮನೆ ಹಾಳಾಗ್ಲಿ, ಬಿಡಿ ಅಯ್ಯನವರೇ,’ ಎಂದು ಅವನು ಎಲ್ಲವನ್ನೂ ಹೇಳಿದ. ಕೊನೆಗೆ, ‘ನನ್ನ ಹೆಂಡತಿ ನನ್ನನ್ನ ನೆಚ್ಚಿಕೊಳ್ಳೋ ಹಾಗಿಲ್ಲ. ದೇವರನ್ನ ಕರೆದ್ರೆ ಎದೆಯಲ್ಲಿ ಏನೂ ಇಲ್ಲ. ಒಳಗೆ ಏನೂ ಇಲ್ಲದೆ ಬಾಯಲ್ಲಿ ಪ್ರಾರ್ಥನೆ ಮಾಡಿದ್ರೆ ನಾಟಕ ಆಗಲ್ವಾ?’ ಎಂದ.

ಪಾದ್ರಿಗಳು ಒದ್ದೆ ಅಂಗಿಯನ್ನು ಕೈಯಲ್ಲೇ ಹಿಡಿದುಕೊಂಡು ಯೋಚಿಸಿದರು. ‘ನಾನು ಉಪದೇಶ ಮಾಡ್ತೀನಲ್ಲ, ಅರ್ಧಕ್ಕರ್ಧ ಭಾನುವಾರ ನನ್ನ ಎದೇಲೂ ಏನೂ ಇರಲ್ಲ.’

‘ಏನಂತೀರಿ!’

‘ಹೌದು. ಯಾರಿಗೂ ಹೇಳ್ಬೇಡಿ, ಮಫ್ಲರ್ ಕೊಟ್ಟು ಕಳಿಸಿಬಿಟ್ಟಾರು.’ ಕುರ್ಚಿಯವನಿಗೆ ನಗು ಬಂತು, ಬರಬಾರದ ಹೊತ್ತಿನಲ್ಲಿ. ಪಾದ್ರಿಗಳು ಮುಂದುವರಿಸಿದರು: ‘ಯೇಸುಸ್ವಾಮಿ ಶಿಲುಬೆಗೆ ಹೋಗೋ ಹಿಂದಿನ ರಾತ್ರಿ ತೋಟದಲ್ಲಿ ಏನಾಯ್ತು, ನೀವೇ ಹೇಳಿ.’

‘ಬೆವರಿದರು. ನೆಲಕ್ಕೆ ಬಿದ್ದು ಪ್ರಾರ್ಥನೆ ಮಾಡಿದರು.’

‘ಯಾಕೆ?’

‘ಭಯ... ದುಃಖ.’

‘ದೇವರ ಮಗನಿಗೇ ಬಂದಿದ್ದು ನಮಗೆ ಬರಬಾರದಾ? ಸರಿ, ಎಲ್ಲಿ ಬಿದ್ದರು? ಸ್ನೇಹಿತರ ಮೈಮೇಲೆ ಬಿದ್ದರಾ?’

ಕುರ್ಚಿಯವನು ನೆನಪು ಮಾಡಿಕೊಂಡ. ‘ಇಲ್ಲ. ಸ್ವಲ್ಪ ಆಚೆ ಹೋದರು.’

‘ಆಮೇಲೆ?’

‘ಎದ್ದು ವಾಪಸ್ ಬಂದು ಅವರನ್ನ ನೋಡಿದರು. ಮತ್ತೆ ಹೋದರು. ಮತ್ತೆ ಬಂದರು.’ ಹೇಳುತ್ತ ಹೇಳುತ್ತ ಅವನ ದನಿ ನಿಧಾನವಾಯಿತು. ಆಯುಷ್ಯಪೂರ್ತಿ ಓದಿದ ಕಥೆ. ಅದರಲ್ಲಿ ಅವನು ಬೆವರನ್ನು ಕಂಡಿದ್ದ, ಕಣ್ಣೀರನ್ನು ಕಂಡಿದ್ದ; ಆ ಓಡಾಟವನ್ನು ಮಾತ್ರ ಕಂಡಿರಲಿಲ್ಲ.

‘ಒಂದೇ ಸಲಕ್ಕೆ ಅವರಿಗೂ ಮುಗೀಲಿಲ್ಲ,’ ಎಂದರು ಪಾದ್ರಿಗಳು. ‘ಹೋದರು, ಇದ್ದದ್ದನ್ನ ಇದ್ದ ಹಾಗೆ ತಂದೆಗೆ ಹೇಳಿದರು, ಬಂದರು. ಹೆದರಿಕೆ ಇದೆ ಅಂತ ಹೇಳೋದು ನಾಟಕ ಅಲ್ಲ. ಅದೂ ಪ್ರಾರ್ಥನೆಯೇ. ಎದೆ ಬಿಸಿಯಾಗುತ್ತೋ ಇಲ್ವೋ, ಅದು ದೇವರಿಗೆ ಬಿಟ್ಟದ್ದು. ಕೇಳೋದಕ್ಕಂತೂ ಅವನಿದ್ದಾನೆ.’ ಆಮೇಲೆ ಏನೋ ಹೊಳೆದಂತೆ, ‘ಟೀ ಕುಡಿತೀರಾ?’ ಎಂದರು.

ಮಂಗಳವಾರ ಆಕೆ ಆಸ್ಪತ್ರೆಗೆಂದು ಚೀಲಕ್ಕೆ ಬಟ್ಟೆ ತುಂಬುತ್ತಿದ್ದಳು. ಮಡಚಿದ ಆ ಎರಡು ಸೀರೆ ನೋಡಿದ್ದೇ ತಡ, ಅವನು ಎದ್ದು ಹಿತ್ತಿಲಿಗೆ ಹೋದ. ನೀರಿನ ತೊಟ್ಟಿಯ ಪಕ್ಕ ನಿಂತು, ‘ಕರ್ತನೇ, ನನಗೆ ಕೈಕಾಲು ಆಡ್ತಿಲ್ಲ. ಅವಳು ಹೋದ್ರೆ ನಾನು ಏನು ಮಾಡ್ಲಿ? ನಿನ್ನ ಮೇಲೂ ಸಿಟ್ಟಿದೆ. ಹೇಳಿಬಿಟ್ಟಿದ್ದೀನಿ, ಮುಚ್ಚಿಟ್ಟಿಲ್ಲ’ ಎಂದ. ಯಾವ ಕಾವೂ ಬರಲಿಲ್ಲ. ಮುಖ ತೊಳೆದು ಒಳಗೆ ಬಂದು, ‘ಸ್ವೆಟರ್ ಇಟ್ಕೊಂಡಿದ್ದೀಯಾ? ಅಲ್ಲಿ ಚಳಿ ಇರುತ್ತೆ’ ಎಂದು ಕೇಳಿದ. ಸಂಜೆಯೊಳಗೆ ಹಲವು ಸಲ ಹೀಗೆ ಹೋಗಿಬಂದ.

‘ಯಾಕ್ರೀ, ಪದೇ ಪದೇ ಹಿತ್ತಿಲಿಗೆ?’ ಎಂದಳು ಆಕೆ ಅನುಮಾನದಿಂದ. ‘ಈ ವಯಸ್ಸಲ್ಲಿ ಬೀಡಿ ಗೀಡಿ ಶುರು ಮಾಡ್ಕೊಂಡ್ರಾ?’

ಬುಧವಾರ ಎಲ್ಲ ಮಣ್ಣುಪಾಲಾಯಿತು. ಬಾಚಣಿಗೆ ಸಿಗಲಿಲ್ಲವೆಂಬ ಒಂದೇ ಕಾರಣಕ್ಕೆ ಮನೆ ಹಾರಿಹೋಗುವಂತೆ ಕೂಗಾಡಿದ, ಬೆತ್ತ ನೆನೆಹಾಕಿದ್ದ ಬೋಗುಣಿಯನ್ನು ಒದ್ದ, ನೀರೆಲ್ಲ ನಡುಮನೆಗೆ ಹರಿಯಿತು. ಹಳೆಯ ಕುರ್ಚಿಯವನಾಗಿದ್ದರೆ ಅಲ್ಲಿಗೆ ತಾನು ನರಕಕ್ಕೆ ಹೋದವನೆಂದು ತೀರ್ಮಾನಿಸಿ ಮುಸುಕು ಹೊದ್ದು ಮಲಗುತ್ತಿದ್ದ. ಆವತ್ತು ಹಿತ್ತಿಲಿಗೆ ಹೋಗಿ, ‘ನೋಡಿದೆಯಲ್ಲ, ಇಷ್ಟೇ ನಾನು’ ಎಂದು ಒಪ್ಪಿಸಿ, ಬಂದು ನೆಲ ಒರೆಸಿದ. ಬಟ್ಟೆ ಹಿಂಡುತ್ತ, ‘ತಪ್ಪಾಯ್ತು ಕಣೇ’ ಎಂದ. ಆಕೆ ಅವನನ್ನು ಬಹಳ ಹೊತ್ತು ನೋಡಿದಳು. ಕೂಗಾಡುವುದು ಆಕೆಗೆ ಹೊಸದಲ್ಲ. ಅದು ಇಷ್ಟು ಬೇಗ ಮುಗಿದದ್ದು ಹೊಸದು. ಆದರೂ ರಾತ್ರಿಯ ಊಟದ ಹೊತ್ತಿಗೆ, ‘ನಾಳೆ ತಮ್ಮ ಬರ್ತಾನೆ ಬಿಡಿ, ನೀವು ಮನೇಲಿರಿ’ ಎಂದಳು.

‘ನಾನೂ ಬರ್ತೀನಿ.’

‘ಅಲ್ಲಿ ಬಂದು...’

‘ಅಳಲ್ಲ ಅಂತ ಮಾತು ಕೊಡೋಕಾಗಲ್ಲ. ನಿನ್ನ ಮೇಲೆ ಅಳಲ್ಲ. ಅಷ್ಟು ಹೇಳ್ತೀನಿ.’

ಗುರುವಾರ ಬೆಳಿಗ್ಗೆ ಆಸ್ಪತ್ರೆಯ ಉದ್ದನೆಯ ಓಣಿ ಫಿನಾಯಿಲ್ ವಾಸನೆಯಿಂದ ತುಂಬಿತ್ತು. ಅವಳಿಗೆ ಹಸಿರು ಗೌನು ತೊಡಿಸಿ ಮಂಚದ ಮೇಲೆ ಮಲಗಿಸಿದ್ದರು. ಕಿವಿಯ ಓಲೆ, ಕೈಯ ಬಳೆ ಬಿಚ್ಚಿಸಿ ಕಾಗದದಲ್ಲಿ ಸುತ್ತಿ ಗಂಡನ ಕೈಗೆ ಕೊಟ್ಟರು. ಬರಿಗೈ, ಬರಿಗಿವಿಯಲ್ಲಿ ಆಕೆ ಎಷ್ಟು ಸಣ್ಣವಳಾಗಿ ಕಂಡಳೆಂದರೆ ಅವನ ಜೀವ ಬಾಯಿಗೆ ಬಂತು. ‘ಒಂದು ನಿಮಿಷ ಬಂದೆ’ ಎಂದು ಓಣಿಯ ಕೊನೆಗೆ ನಡೆದ. ಅಲ್ಲಿ ಕೆಳಗಿಳಿಯುವ ಮೆಟ್ಟಿಲಿತ್ತು, ಜನರ ಓಡಾಟ ಕಡಿಮೆ. ಗೋಡೆಗೆ ಹಣೆಯಿಟ್ಟು, ಹೇಳುವುದನ್ನೆಲ್ಲ ಹೇಳಿ, ಅಳುವುದನ್ನು ಅತ್ತು, ಮಫ್ಲರಿನಿಂದ ಮುಖ ಒರೆಸಿಕೊಂಡು ವಾಪಸ್ ಬಂದು ಸ್ಟೂಲಿನ ಮೇಲೆ ಕೂತ. ಎದೆ ಬಡಿತ ಮತ್ತೆ ಏರಿದಾಗ ಮತ್ತೆ ಹೋದ. ಮತ್ತೆ ಬಂದ.

ನೆಲ ಒರೆಸುತ್ತಿದ್ದ ಆಯಾ ಇದನ್ನೆಲ್ಲ ಗಮನಿಸುತ್ತಿದ್ದಳು. ಕೊನೆಗೆ ಕನಿಕರದಿಂದ ಪಿಸುಗುಟ್ಟಿದಳು: ‘ಸಕ್ಕರೆ ಕಾಯಿಲೇನಾ ಯಜಮಾನ್ರೇ? ಆ ಕಡೆ ಮೆಟ್ಟಿಲು. ಗಂಡಸರದ್ದು ಈ ಕಡೆ ಇದೆ, ನೀಲಿ ಬಾಗಿಲು.’

ಮಂಚದ ಮೇಲಿದ್ದವಳು ಅಷ್ಟು ಭಯದಲ್ಲೂ ಕಿಸಕ್ಕನೆ ನಕ್ಕಳು. ನಗುತ್ತಿರುವಾಗಲೇ ಅವಳನ್ನು ಒಳಗೆ ತಳ್ಳಿಕೊಂಡು ಹೋದರು.

ಬಾಗಿಲು ಮುಚ್ಚಿತು. ಭಾವ ಭಾವಮೈದುನ ಇಬ್ಬರೇ ಬೆಂಚಿನ ಮೇಲೆ ಉಳಿದರು. ಗೋಡೆ ಎಂದಿನಂತೆ ನೆಟ್ಟಗೆ ಕೂತಿದ್ದ. ಬಹಳ ಹೊತ್ತಿನ ಮೇಲೆ ಕುರ್ಚಿಯವನು ತಿರುಗಿ ನೋಡಿದರೆ, ಅವನ ಕೈಬೆರಳುಗಳು ಒಂದನ್ನೊಂದು ಹಿಸುಕಿ ಬೆಳ್ಳಗಾಗಿದ್ದವು.

‘ಭಾವ,’ ಎಂದ ಅವನು, ಬಾಗಿಲಿನಿಂದ ಕಣ್ಣು ಕೀಳದೆ. ‘ನೀವು ಅಲ್ಲಿ ಹೋಗಿ ಏನು ಮಾಡ್ತೀರಿ?’

ಅವನು ಕುರ್ಚಿಯವನನ್ನು ಕೇಳಿದ ಮೊದಲ ಪ್ರಶ್ನೆ ಅದು. ಇಷ್ಟು ವರ್ಷ ಅವನೊಳಗೆ ಏನೂ ಇಲ್ಲವೆಂದುಕೊಂಡಿದ್ದ ಕುರ್ಚಿಯವನಿಗೆ ನಾಚಿಕೆಯಾಯಿತು. ಇವನ ಮಳೆಯೆಲ್ಲ ಒಳಗೊಳಗೇ ಸುರಿಯುತ್ತಿತ್ತು, ಹೊರಗೆ ಹರಿಯಲು ದಾರಿಯಿರಲಿಲ್ಲ. ‘ಬಾ,’ ಎಂದು ಭುಜ ಹಿಡಿದು ಮೆಟ್ಟಿಲ ಬಳಿಗೆ ಕರೆದುಕೊಂಡು ಹೋದ. ‘ಇಲ್ಲಿ ನಿಂತು ಇರೋದನ್ನ ಹೇಳೋದು. ಚೆನ್ನಾಗಿ ಹೇಳ್ಬೇಕು ಅಂತೇನಿಲ್ಲ.’

‘ನನಗೆ ಬರಲ್ಲ.’

‘ಅಕ್ಕನಿಗೆ ಏನೂ ಆಗಬಾರದು ಅಂತ ಇದೆಯಲ್ಲ, ಅದನ್ನ ಹೇಳು.’

ಗೋಡೆ ಬಾಯಿ ತೆರೆದ. ‘ಅಕ್ಕನಿಗೆ’ ಎನ್ನುವಷ್ಟರಲ್ಲಿ ಮುಂದಿನ ಮಾತು ಹೊರಡಲಿಲ್ಲ. ಮೆಟ್ಟಿಲ ಮೇಲೆ ಕುಸಿದು ಕೂತು, ಸಣ್ಣ ಮಗುವಿನಂತೆ ಅತ್ತ. ಕುರ್ಚಿಯವನು ಪಕ್ಕದಲ್ಲಿ ಕೂತು, ತನ್ನ ಬೆನ್ನು ಎಲ್ಲರೂ ಸವರುತ್ತಿದ್ದ ಹಾಗೆ ಅವನ ಬೆನ್ನು ಸವರಿದ.

ಗೆಡ್ಡೆ ಪೂರ್ತಿ ಹೊರಗೆ ಬಂದಿದೆ, ಪರೀಕ್ಷೆಗೆ ಕಳಿಸಿದ್ದೇವೆ ಎಂದಷ್ಟೇ ಹೇಳಿ ಡಾಕ್ಟರು ಹೋದರು. ಅದು ಕೆಟ್ಟ ಗೆಡ್ಡೆಯಲ್ಲ ಎಂದು ಮುಂದಿನ ವಾರ ತಿಳಿಯಿತು; ಆದರೆ ಆ ಮಧ್ಯಾಹ್ನ ಅದು ಯಾರಿಗೂ ಗೊತ್ತಿರಲಿಲ್ಲ. ಆಕೆ ಕಣ್ಣು ಬಿಟ್ಟಾಗ ಗಂಡ ಸ್ಟೂಲಿನ ಮೇಲೆ ಕೂತಿದ್ದ. ತುಟಿ ಒಣಗಿತ್ತು, ಅವನು ಹತ್ತಿಯನ್ನು ನೀರಲ್ಲಿ ಅದ್ದಿ ಸವರಿದ. ಅವನ ಮುಖ ಹೇಗಿದೆಯೆಂದು ನೋಡುವುದು ಆಕೆಯ ಅಷ್ಟು ವರ್ಷದ ಅಭ್ಯಾಸ, ಅರೆಮಂಪರಿನಲ್ಲೂ ನೋಡಿದಳು. ಕಣ್ಣು ಊದಿದ್ದವು. ಆದರೆ ಆ ಮುಖ ಆಕೆಯಿಂದ ಏನನ್ನೂ ಕೇಳುತ್ತಿರಲಿಲ್ಲ.

‘ಪರೀಕ್ಷೆಯಲ್ಲಿ ಏನು ಬರುತ್ತೋ,’ ಎಂದಳು. ‘ನನಗೆ ಭಯ ಆಗ್ತಿದೆ ರೀ.’

‘ಆಗುತ್ತೆ.’

‘ಬಹಳ ಭಯ.’

‘ಹೂಂ. ಹೇಳು.’

ಆಕೆ ಹೇಳಿದಳು. ಗೆಡ್ಡೆ ಕೈಗೆ ತಾಗಿದ ದಿನದಿಂದ ಹಿಡಿದು, ಸ್ನಾನದ ಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತದ್ದು, ಹೋದ ಮಗು, ಆವತ್ತಿನ ಟೀ ಪಾತ್ರೆ, ಎಲ್ಲವೂ ಬಂತು. ಕಣ್ಣಿನ ನೀರು ಓರೆಯಾಗಿ ಕಿವಿಗೆ ಇಳಿಯುತ್ತಿತ್ತು. ಅವನು ಒರೆಸುತ್ತಿದ್ದ, ನಡುವೆ ಬಾಯಿ ಹಾಕಲಿಲ್ಲ.

‘ನೀವು ಅಳಲ್ವಾ?’ ಎಂದು ಕೇಳಿದಳು ಕೊನೆಗೆ, ನಂಬಲಾರದೆ.

‘ನಂದು ಅಲ್ಲಿ ಮೆಟ್ಟಿಲ ಹತ್ರ ಆಯ್ತು. ಈಗ ನಿಂದು.’

ಆಕೆ ಅವನ ಕೈಯನ್ನು ಎಳೆದು ಕೆನ್ನೆಯ ಕೆಳಗೆ ಇಟ್ಟುಕೊಂಡಳು. ‘ಪ್ರಾರ್ಥನೆ ಮಾಡಿ,’ ಎಂದಳು.

ಅವನು ಮಾಡಿದ. ದನಿ ಏರಲಿಲ್ಲ, ನಡುಗಲಿಲ್ಲ. ಕುರ್ಚಿಯ ಅಳತೆ ಹೇಳುವವನಂತೆ, ಇವಳಿಗೆ ಭಯವಿದೆ, ನನಗೂ ಇದೆ, ನಮ್ಮಿಬ್ಬರ ಹತ್ತಿರ ಇರು ಎಂದು ಒಣ ಮಾತಿನಲ್ಲಿ ಹೇಳಿ ಮುಗಿಸಿದ. ಆಕೆ ‘ಆಮೆನ್’ ಎಂದು, ಹಾಗೇ ನಿದ್ದೆ ಹೋದಳು. ಎದೆಯಲ್ಲಿ ಕಾವು ಬಂದಿದೆಯೇ ಎಂದು ನೋಡಿಕೊಳ್ಳುವುದು ಅವನಿಗೆ ನೆನಪಾಗಲಿಲ್ಲ. ಕೆನ್ನೆಯ ಕೆಳಗಿದ್ದ ಕೈ ಜೋಮು ಹಿಡಿಯುತ್ತಿತ್ತು. ಎಳೆದುಕೊಂಡರೆ ಎಚ್ಚರವಾದೀತೆಂದು ಹಾಗೇ ಬಿಟ್ಟು ಕೂತ.